ಸೈಟಿನ ಹುಚ್ಚು ಆಮೇಲೆ, ಮೊದಲು ಪಹಣಿ ಓದಲು ಕಲಿಯಿರಿ!

ಕನ್ನಡದ ತರುಣರೇ,

ಕೈಗೆ ಸಂಬಳ ಬರಲು ಶುರುವಾಗಿ ಎರಡು ವರ್ಷ ಆಗಿರುವುದಿಲ್ಲ, ಮನೆಯಲ್ಲಿ ರಾಗ ಶುರುವಾಗುತ್ತದೆ. 'ಎಲ್ಲಾದರೂ ಒಂದು ಸೈಟ್ ಮಾಡ್ಕೊಳೋ.' ಮದುವೆ ಮನೆಗೆ ಹೋದರೆ ಅದೇ ಮಾತು, ನಾಮಕರಣಕ್ಕೆ ಹೋದರೆ ಅದೇ ಮಾತು. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಸೈಟ್ ಕೇಳುತ್ತಾರೆ. ಅಪ್ಪ ಆ ಕಾಲದಲ್ಲಿ ಬಿಡಿಎಗೆ ಅರ್ಜಿ ಹಾಕದೆ ಕೆಟ್ಟ, ಚಿಕ್ಕಪ್ಪ ಎರಡು ಸೈಟ್ ಹಿಡಿದು ಉದ್ಧಾರವಾದ. ಬೆಂಗಳೂರಿನ ಕನ್ನಡಿಗರ ಪ್ರತಿ ಮನೆಯಲ್ಲೂ ಈ ಮಹಾಭಾರತ ಇದ್ದೇ ಇದೆ.

'ಭೂಮಿ ಎಂದೂ ಮೋಸ ಮಾಡಲ್ಲ' ಅನ್ನುತ್ತಾರೆ ಹಿರಿಯರು. ಒಪ್ಪೋಣ. ಭೂಮಿ ಮೋಸ ಮಾಡುವುದಿಲ್ಲ, ಭೂಮಿಯ ಕಾಗದ ಮಾಡುತ್ತದೆ. ಆ ಕಾಗದ ಇರುವುದು ಅಚ್ಚ ಕನ್ನಡದಲ್ಲಿ. ಕನ್ನಡಕ್ಕಾಗಿ ಬೀದಿಗೆ ಇಳಿಯಲು ಸಿದ್ಧವಿರುವ ನಿಮ್ಮಲ್ಲಿ ಎಷ್ಟು ಜನ ಒಂದು ಪಹಣಿಯನ್ನು ಮೇಲಿಂದ ಕೆಳಗೆ ಓದಿ ಅರ್ಥ ಮಾಡಿಕೊಳ್ಳಬಲ್ಲಿರಿ? ಕೈ ಎತ್ತಿ ನೋಡೋಣ!

ನಾನು ಓದಿದ್ದು ಪಿಯುಸಿ. ವಕೀಲನಲ್ಲ, ಷೇರು ಪೇಟೆಯ ಪಂಡಿತನಂತೂ ಅಲ್ಲವೇ ಅಲ್ಲ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಆದರೆ ಲೇಔಟ್‌ನವರ ಕರಪತ್ರ, ಬ್ರೋಷರ್‌ಗಳು ನನ್ನ ಮೆಷಿನ್ ಮೇಲೆ ಹಾಯುತ್ತಲೇ ಇರುತ್ತವೆ. ಆರ್ಟ್ ಪೇಪರ್, ಮಲ್ಟಿಕಲರ್. ಎದುರಿಗೆ ಒಂದು ಕಮಾನು, ಕಾರಂಜಿ, ನಗುವ ಗಂಡ ಹೆಂಡತಿ, ಬಲೂನು ಹಿಡಿದ ಮಗು. 'ಏರ್‌ಪೋರ್ಟ್‌ಗೆ ಕೇವಲ 20 ನಿಮಿಷ.' ಹೆಲಿಕಾಪ್ಟರಿನಲ್ಲೋ ಏನೋ! ಹಿಂಬದಿಯ ಕಟ್ಟಕಡೆಯಲ್ಲಿ ಆರು ಪಾಯಿಂಟ್ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು. ಚಿತ್ರಗಳು ಕಲ್ಪನೆಯವು, ವಿವರಗಳು ಬದಲಾಗಬಹುದು, ಇದು ಕಾನೂನುಬದ್ಧ ಪ್ರಸ್ತಾವ ಅಲ್ಲ ಅಂತ. ಅಂದರೆ ಮೇಲಿನ ಹದಿನಾರು ಪುಟದಲ್ಲಿ ಹೇಳಿದ್ದನ್ನೆಲ್ಲ ಆ ಒಂದು ಸಾಲು ವಾಪಸು ತೆಗೆದುಕೊಳ್ಳುತ್ತದೆ. ಬ್ರೋಷರ್ ಕೈಗೆ ಬಂದರೆ ಕೊನೆಯಿಂದ ಓದಲು ಶುರು ಮಾಡಿ. ಅಚ್ಚು ಹಾಕುವವನೇ ಹೇಳುತ್ತಿದ್ದೇನೆ.

ಈಗ ಹೊಸ ಮಾಲು ಬಂದಿದೆ. ಹೆಸರು 'ಫಾರ್ಮ್ ಪ್ಲಾಟ್'. ಮಾವಿನ ಗಿಡ, ಶ್ರೀಗಂಧ, ನಡುವೆ ನಿಮ್ಮ ಕಾಟೇಜು, ನೋಡಿಕೊಳ್ಳಲು ಅವರದೇ ಆಳು. ಹಿಂದೆ ಕೃಷಿಕನಲ್ಲದವನು ಕರ್ನಾಟಕದಲ್ಲಿ ಹೊಲ ಕೊಳ್ಳುವಂತಿರಲಿಲ್ಲ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಗೆ 79 ಎ, 79 ಬಿ ಎಂಬ ಬೇಲಿ ಹಾಕಿದ್ದರು. 2020ರಲ್ಲಿ ಆ ಬೇಲಿ ಕಿತ್ತುಹಾಕಿದರು. ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದು. ಅದು ಸರಿಯೋ ತಪ್ಪೋ ಎಂಬ ಜಗಳ ಬೇರೆ, ನನಗಂತೂ ಅದು ಸರಿ ಕಂಡಿಲ್ಲ. ಆದರೆ ಹೊಲ ಕೊಳ್ಳುವುದು ಬೇರೆ, ಹೊಲದಲ್ಲಿ ಸೈಟ್ ಕೊಳ್ಳುವುದು ಬೇರೆ. ಇದನ್ನು ದಲ್ಲಾಳಿ ಹೇಳುವುದಿಲ್ಲ.

ಒಂದು ಎಕರೆಗೆ ನಲವತ್ತು ಗುಂಟೆ. ಒಂದು ಗುಂಟೆ ಅಂದರೆ 1,089 ಚದರ ಅಡಿ. 30x40ರ ಸೈಟಿಗೆ 1,200. ಹಾಗಾಗಿ 'ಐದು ಗುಂಟೆ ತಗೊಳ್ಳಿ ಸಾರ್' ಅಂದರೆ ನಾಲ್ಕು ಸೈಟಿನ ಕನಸು ಕಣ್ಣ ಮುಂದೆ ಬರುತ್ತದೆ. ಆದರೆ ಅದು ಭೂಪರಿವರ್ತನೆ ಆಗದ ಕೃಷಿ ಜಮೀನು. ಅಲ್ಲಿ ಮನೆ ಕಟ್ಟಲು ಪ್ಲಾನ್ ಸಿಗುವುದಿಲ್ಲ. ನಿಮ್ಮ ಭಾಗಕ್ಕೆ 11ಇ ನಕ್ಷೆ ಆಗಿಲ್ಲ, ಪೋಡಿ ಆಗಿಲ್ಲ ಅಂದರೆ ಆ ಸರ್ವೆ ನಂಬರಿನೊಳಗೆ ನಿಮ್ಮ ಐದು ಗುಂಟೆ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ದೇವರಿಗೇ ಗೊತ್ತು. ಇಪ್ಪತ್ತು ಜನರ ಹೆಸರು ಒಂದೇ ಪಹಣಿಯಲ್ಲಿ ಜಂಟಿಯಾಗಿ ಕೂತಿರುತ್ತದೆ. ನಾಳೆ ಮಾರಲು ಹೋದರೆ ಇಪ್ಪತ್ತು ಜನರ ಮನೆ ಬಾಗಿಲು ತಟ್ಟಬೇಕು. ರೇರಾ ನೋಂದಣಿ ಎಲ್ಲಿ ಎಂದು ಕೇಳಿದರೆ 'ಇದು ಕೃಷಿ ಭೂಮಿ ಸಾರ್, ರೇರಾ ಬೇಕಿಲ್ಲ' ಅನ್ನುತ್ತಾರೆ. ಹಾಗಾದರೆ ಕಮಾನು ಯಾಕೆ, ಕ್ಲಬ್ ಹೌಸ್ ಯಾಕೆ, ಸೈಟ್ ನಂಬರ್ ಬರೆದ ಕಲ್ಲು ಯಾಕೆ?

2016ರ ರೇರಾ ಕಾಯ್ದೆ ಎರಡು ಮುಖ್ಯ ಕೆಲಸ ಮಾಡಿದೆ, ನೆನಪಿಡಿ. 500 ಚದರ ಮೀಟರ್‌ಗಿಂತ ಅಥವಾ ಎಂಟು ಸೈಟ್‌ಗಿಂತ ದೊಡ್ಡ ಯೋಜನೆಯಾದರೆ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ. ಆದ್ದರಿಂದ 'ಪ್ರೀ ಲಾಂಚ್ ರೇಟು, ಇವತ್ತೇ ಕಟ್ಟಿ' ಅನ್ನುವವನು ಕಾನೂನು ಮುರಿಯುತ್ತಲೇ ವ್ಯಾಪಾರ ಶುರು ಮಾಡಿದ್ದಾನೆ. ಮತ್ತೆ, ಕರಾರುಪತ್ರ ನೋಂದಣಿ ಆಗುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ನಿಮ್ಮಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲೇ ಇಡಬೇಕು.

ಇನ್ನು ಖಾತೆಯ ಮಾತು. 'ಎ ಖಾತಾ', 'ಬಿ ಖಾತಾ', 'ಇ ಖಾತಾ' ಎಂದು ದಲ್ಲಾಳಿ ಮಂತ್ರ ಹೇಳಿದ ಹಾಗೆ ಹೇಳುತ್ತಾನೆ. ಖಾತೆ ಅಂದರೆ ಒಡೆತನ ಅಲ್ಲ. ತೆರಿಗೆ ಕಟ್ಟುವವರು ಯಾರು ಎಂದು ಬರೆದಿಟ್ಟ ಲೆಕ್ಕ, ಅಷ್ಟೆ. ಬಿ ಖಾತಾ ಹುಟ್ಟಿದ್ದೇ ಕ್ರಮಬದ್ಧವಲ್ಲದ ಆಸ್ತಿಗಳಿಂದಲೂ ತೆರಿಗೆ ವಸೂಲು ಮಾಡಲಿಕ್ಕೆ. 'ನಾಳೆ ಸಕ್ರಮ ಆಗುತ್ತೆ' ಎಂಬ ಆಸೆಯಲ್ಲೇ ಒಂದು ಪೀಳಿಗೆ ಕಳೆದುಹೋಯಿತು. ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದರ ಬದಲು ಐದು ಪಾಲಿಕೆ ಬಂದವು. ಬೋರ್ಡು ಹೊಸದು, ಗೋಳು ಹಳೆಯದು.

ಸರ್ಕಾರಿ ಲೇಔಟ್ ಆದರೆ ಕಣ್ಣು ಮುಚ್ಚಿಕೊಂಡು ಹೋಗಬಹುದಾ? ಅರ್ಕಾವತಿ ಬಡಾವಣೆಗೆ ಸೈಟ್ ಹಾಕಿದವರನ್ನು ಕೇಳಿ. 2004ರಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಡಿಸಿದರು. ವ್ಯಾಜ್ಯ 2010ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ ಇಳಿಯಿತು, ಆಮೇಲೂ ಡಿನೋಟಿಫಿಕೇಷನ್ ರಾಮಾಯಣ ನಿಲ್ಲಲಿಲ್ಲ. ಸಹಕಾರ ಸಂಘದ ಸೈಟಾದರೆ? ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘಕ್ಕಾಗಿ ಮಾಡಿದ ಭೂಸ್ವಾಧೀನವೇ 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ನಡುವೆ ದಲ್ಲಾಳಿಗಳು ಹೇಗೆ ಕೆಲಸ ಮಾಡಿದರು ಎಂಬುದು ಆ ತೀರ್ಪಿನಲ್ಲೇ ಇದೆ.

ಸರಿ, ಪಹಣಿಗೆ ಬರೋಣ. ಇದನ್ನು ನಿಧಾನವಾಗಿ ಓದಿ.

ಮೊದಲು ನೋಡಬೇಕಾದ್ದು ವಿಸ್ತೀರ್ಣದ ಕಡೆ ಇರುವ 'ಖರಾಬು'. ಅದರಲ್ಲಿ ಅ ಖರಾಬು, ಬ ಖರಾಬು ಎಂದು ಎರಡು. ಬ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನ ಇಂಥ ಸಾರ್ವಜನಿಕ ಜಾಗ. ಅದು ಸರ್ಕಾರದ್ದು. ಅದರ ಮೇಲೆ ಸೈಟ್ ಹಾಕಿ ಮಾರಿದವರು ಬೆಂಗಳೂರು ಸುತ್ತ ಬೇಕಾದಷ್ಟಿದ್ದಾರೆ. ಹಳ್ಳ ಅಂದರೆ ಇವತ್ತಿನ ರಾಜಕಾಲುವೆ. 2016ರ ಆಗಸ್ಟ್‌ನಲ್ಲಿ ಜೆಸಿಬಿ ಬಂದು ಮನೆ ಒಡೆದಾಗ ಅತ್ತವರು ಲೇಔಟ್ ಮಾಡಿದವರಲ್ಲ. ಪ್ಲಾನು, ಸಾಲ, ರಿಜಿಸ್ಟ್ರೇಷನ್ ಎಲ್ಲ ಇದೆ ಎಂದು ಕಾಗದ ಹಿಡಿದು ನಿಂತ ಮಧ್ಯಮ ವರ್ಗದವರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಟ್ರ್ಯಾಕ್ಟರ್ ಏರಿ ಮನೆಯಿಂದ ಹೊರಬಂದವರ ಫೋಟೋ ನೋಡಿದ್ದೀರಲ್ಲ? ನೀರು ಹೊಸ ದಾರಿ ಹುಡುಕಿಕೊಂಡು ಬಂದಿರಲಿಲ್ಲ. ಗ್ರಾಮ ನಕಾಶೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ ಎಂದು ಗೆರೆ ಎಳೆದಿಟ್ಟಿದ್ದಾರೆ. ಗ್ರಾಮ ನಕಾಶೆ ತೆಗೆಸಿ ನೋಡಿ, ಆಮೇಲೆ ಅಡ್ವಾನ್ಸ್ ಮಾತು.

ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು. ಹತ್ತರಲ್ಲಿ ಅದು ಅವನಿಗೆ ಹೇಗೆ ಬಂತು ಎಂಬ ವಿವರ, ಮ್ಯುಟೇಷನ್ ನಂಬರ್. ಹನ್ನೊಂದರಲ್ಲಿ ಋಣ, ಹಕ್ಕು. ಸೊಸೈಟಿ ಸಾಲವೋ, ಬ್ಯಾಂಕಿನ ಅಡಮಾನವೋ, ಕೋರ್ಟ್ ತಡೆಯೋ ಅಲ್ಲಿ ಕೂತಿರುತ್ತದೆ. ಹತ್ತನೇ ಕಾಲಂನಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನು ಎಂಬ ಸುಳಿವು ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯವೇ ಊರ್ಜಿತವಲ್ಲ. ಬಹಳ ವರ್ಷ ಆಗಿಹೋಯಿತು ಎಂಬ ನೆಪವೂ ನಡೆಯಬಾರದೆಂದು 2023ರಲ್ಲಿ ತಿದ್ದುಪಡಿ ತಂದಿದ್ದಾರೆ. ನಾಲ್ಕು ಕೈ ಬದಲಾದ ಮೇಲೆ ನೀವು ಕೊಂಡಿದ್ದರೂ ಜಮೀನು ಮೂಲ ಮಂಜೂರಾತಿದಾರನ ಮೊಮ್ಮಗನಿಗೆ ಹೋಗಬಹುದು. ಹೋಗಬೇಕಾದ್ದೇ ನ್ಯಾಯ ಕೂಡ. ಕಳೆದುಕೊಳ್ಳುವವರು ನೀವಾಗಬೇಡಿ, ಅಷ್ಟೆ.

'ಜಿಪಿಎ ಮೇಲೆ ಮಾಡಿಕೊಡ್ತೀವಿ' ಅಂದರೆ ನಮಸ್ಕಾರ ಹಾಕಿ ಎದ್ದು ಬನ್ನಿ. ಜನರಲ್ ಪವರ್ ಆಫ್ ಅಟಾರ್ನಿಯಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಇನ್ನೊಂದು ವಿಷಯ, ಮನೆಯೊಳಗಿನದು. ಮಾರುವವನಿಗೆ ಅಕ್ಕ ತಂಗಿಯರು ಎಷ್ಟು ಜನ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ದೇಶಕ್ಕೆಲ್ಲ 2005ರಲ್ಲಿ ಬಂತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು, ಗಂಡುಮಕ್ಕಳ ಸಹಿ ಮಾತ್ರ ಹಾಕಿಸಿ ಕೊಟ್ಟ ಕ್ರಯಪತ್ರ ಹಿಡಿದುಕೊಂಡು ಸಿವಿಲ್ ಕೋರ್ಟ್ ಕಾರಿಡಾರಿನಲ್ಲಿ ಕೂದಲು ಹಣ್ಣಾದವರು ಸಾವಿರಾರು ಜನ. ಇದನ್ನೇ ತಿರುಗಿಸಿ ನಿಮ್ಮ ಮನೆಗೂ ಹೇಳಿಕೊಳ್ಳಿ. ನಿಮ್ಮ ತಂಗಿಗೂ ಪಾಲಿದೆ.

ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ನಿಮ್ಮಲ್ಲಿ ಅರ್ಧ ಜನ ಸೈಟಿಗೆ ದುಡ್ಡು ಹೊಂದಿಸುತ್ತಿರುವುದು ಊರಿನ ಎರಡೆಕರೆ ಮಾರಿ. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಕಡೆಯ ಚೊಕ್ಕ ಪಹಣಿಯ ಜಮೀನು, ತಾತನ ಹೆಸರಿನಿಂದ ನೇರವಾಗಿ ಇಳಿದು ಬಂದದ್ದು, ತಕರಾರಿಲ್ಲದ್ದು. ಅದನ್ನು ಕೊಟ್ಟು ಹೊಸಕೋಟೆಯ ಆಚೆ ಬಿ ಖಾತಾದ 30x40 ತಗೊಂಡರೆ ಅದಕ್ಕೆ ಹೂಡಿಕೆ ಎಂದು ಹೆಸರು! ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ನೋಡಿ. 13 ಹಳ್ಳಿಯ 1,777 ಎಕರೆಯನ್ನು ಕೈಗಾರಿಕೆಗೆ ಎಂದು ಕೆಐಎಡಿಬಿ ಕೇಳಿದಾಗ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದ್ದವರು ಅವರು. ಭೂಮಿಯ ಬೆಲೆ ಅವರಿಗೆ ಗೊತ್ತಿಲ್ಲದೆ ಹಾಗೆ ಮಾಡಿದರೇ?

ಲೆಕ್ಕವನ್ನೂ ಹಾಕಿ. 1,200 ಚದರ ಅಡಿಯ ಸೈಟು, ಅಡಿಗೆ 6,000 ರೂಪಾಯಿ ಅಂದರೆ 72 ಲಕ್ಷ. ಮುದ್ರಾಂಕ ಶುಲ್ಕ ಸೆಸ್ ಸೇರಿ ಶೇಕಡಾ 5.6ರ ಆಸುಪಾಸು. ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ 2 ಮಾಡಿದ್ದಾರೆ. ಅಲ್ಲಿಗೆ ಐದೂವರೆ ಲಕ್ಷ ಹೋಯಿತು. 50 ಲಕ್ಷ ಸಾಲ, ಬಡ್ಡಿ ಎಂಟೂವರೆ, 20 ವರ್ಷ ಎಂದು ಹಿಡಿಯಿರಿ. ತಿಂಗಳಿಗೆ 43 ಸಾವಿರದ ಮೇಲೆ ಕಂತು, ಒಟ್ಟು ಕಟ್ಟುವುದು ಒಂದು ಕೋಟಿ ನಾಲ್ಕು ಲಕ್ಷ. ಖಾಲಿ ಸೈಟು ಬಾಡಿಗೆ ಕೊಡುವುದಿಲ್ಲ. ಕೊಡುವುದು ಪಾರ್ಥೇನಿಯಂ ಮಾತ್ರ. ಬೆಲೆ ಏರಬಹುದು, ಏರಿದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಮಾರಲಾಗದೆ ಕೂತವರು ಮದುವೆ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಹಾಗಾದರೆ ಇಪ್ಪತ್ತೈದು ವರ್ಷದ ಹುಡುಗ, ತಿಂಗಳಿಗೆ ಐದು ಸಾವಿರ ಉಳಿಸುವವನು, ನೆಲದ ಲಾಭದಲ್ಲಿ ಪಾಲು ಕೇಳಲೇಬಾರದೇ? ಕೇಳಬಹುದು. ಅದಕ್ಕೊಂದು ದಾರಿ ಹುಟ್ಟಿಕೊಂಡಿದೆ. ಹೆಸರು ರೀಟ್. ಅರ್ಥ ಸರಳ. ಸಾವಿರಾರು ಜನ ಹಣ ಕೂಡಿಸಿ ಬಾಡಿಗೆ ಬರುವ ದೊಡ್ಡ ಕಟ್ಟಡಗಳಿಗೆ ಪಾಲುದಾರರಾಗುವುದು, ಬಂದ ಬಾಡಿಗೆ ಹಂಚಿಕೊಳ್ಳುವುದು. ಸೆಬಿ 2014ರಲ್ಲಿ ನಿಯಮ ಮಾಡಿತು. ಕನಿಷ್ಠ ಶೇಕಡಾ 80ರಷ್ಟು ಆಸ್ತಿ ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವಂಥದ್ದೇ ಆಗಿರಬೇಕು. ಹಂಚಬಹುದಾದ ಹಣದಲ್ಲಿ ಶೇಕಡಾ 90ನ್ನು ಆರು ತಿಂಗಳಿಗೊಮ್ಮೆಯಾದರೂ ಹಂಚಲೇಬೇಕು.

ದೇಶದ ಮೊದಲ ರೀಟ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಎಂಬೆಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ 300 ರೂಪಾಯಿಗೆ ಒಂದು ಯೂನಿಟ್‌ನಂತೆ ಪೇಟೆಗೆ ಬಂತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರಲ್ಲಿದೆ, ಹೊರವರ್ತುಲ ರಸ್ತೆಯ ಟೆಕ್ ವಿಲೇಜ್ ಆಮೇಲೆ ಸೇರಿತು. 2023ರಲ್ಲಿ ಬಂದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಮಾಲ್‌ಗಳದ್ದು, ಕೋರಮಂಗಲದ ಹಳೆಯ ಫೋರಂ ಮಾಲ್ ಈಗ ಅದರೊಳಗೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸತ್ವ ಮತ್ತು ಅಮೆರಿಕದ ಬ್ಲ್ಯಾಕ್‌ಸ್ಟೋನ್ ಸೇರಿ ನಾಲೆಡ್ಜ್ ರಿಯಾಲ್ಟಿ ಟ್ರಸ್ಟ್ ತಂದವು. ಶುರುವಿನಲ್ಲಿ ರೀಟ್‌ಗೆ ಅರ್ಜಿ ಹಾಕಲು ಎರಡು ಲಕ್ಷ ಬೇಕಿತ್ತು. 2021ರಲ್ಲಿ ಸೆಬಿ ಅದನ್ನು 10ರಿಂದ 15 ಸಾವಿರಕ್ಕೆ ಇಳಿಸಿ, ಪೇಟೆಯಲ್ಲಿ ಒಂದೊಂದೇ ಯೂನಿಟ್ ಕೊಳ್ಳಬಹುದು ಎಂದಿತು. ಅಂದರೆ ಒಂದು ಸಿನಿಮಾ ಟಿಕೆಟ್, ಒಂದು ಪಾಪ್‌ಕಾರ್ನ್ ದುಡ್ಡಲ್ಲಿ ಟೆಕ್ ಪಾರ್ಕಿನ ಬಾಡಿಗೆಯಲ್ಲಿ ಒಂದು ಕಾಳು ನಿಮ್ಮದಾಗುತ್ತದೆ. ತಾತ ರಾಗಿ ಬೆಳೆದ ನೆಲದ ಮೇಲೆ ನಿಂತ ಕಟ್ಟಡದಲ್ಲಿ ಮೊಮ್ಮಗ ಸೆಕ್ಯುರಿಟಿ ಗಾರ್ಡ್ ಆಗಿಯೋ ಕ್ಯಾಬ್ ಡ್ರೈವರ್ ಆಗಿಯೋ ನಿಂತಿರುವುದನ್ನು ನೋಡಿದ್ದೇವೆ. ಬಾಡಿಗೆ ಪಡೆಯುವವರ ಪಟ್ಟಿಯಲ್ಲೂ ಅವನ ಹೆಸರು ಇರಲಿ ಎಂಬುದು ನನ್ನ ಆಸೆ.

ಆದರೆ ಹಾರಬೇಡಿ. ರೀಟ್ ಅಂದರೆ ನೆಲವಲ್ಲ. ಅಲ್ಲಿ ನಿಂತು ಒಂದು ಹಿಡಿ ಮಣ್ಣು ಎತ್ತುವ ಹಕ್ಕು ನಿಮಗಿಲ್ಲ. ಯೂನಿಟ್ ಬೆಲೆ ಷೇರಿನ ಹಾಗೆ ಏರುತ್ತದೆ, ಇಳಿಯುತ್ತದೆ. ಕೈಗೆ ಬರುವುದು ವರ್ಷಕ್ಕೆ ಸುಮಾರು ಶೇಕಡಾ 5, 6ರಷ್ಟು. ಅದರಲ್ಲೂ ಒಂದಿಷ್ಟು ಬಡ್ಡಿ, ಒಂದಿಷ್ಟು ಡಿವಿಡೆಂಡ್, ಒಂದಿಷ್ಟು ಸಾಲ ವಾಪಸಾತಿ ಎಂದು ಬೇರೆ ಬೇರೆ ಹೆಸರು, ಒಂದೊಂದಕ್ಕೆ ಒಂದೊಂದು ತೆರಿಗೆ ಲೆಕ್ಕ. ಕಂಪನಿ ಜಾಗ ಖಾಲಿ ಮಾಡಿದರೆ ಬಾಡಿಗೆ ಕಮ್ಮಿ. ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರು ಇದನ್ನು ಎರಡು ಸಲ ಯೋಚಿಸಿ: ನಿಮಗೆ ಸಂಬಳ ಕೊಡುವ ಉದ್ಯಮವೇ ಆ ಕಟ್ಟಡಕ್ಕೂ ಬಾಡಿಗೆ ಕಟ್ಟುತ್ತಿದೆ. ಅದಕ್ಕೆ ನೆಗಡಿ ಬಂದರೆ ನಿಮ್ಮ ಸಂಬಳಕ್ಕೂ ಕೆಮ್ಮು, ಉಳಿತಾಯಕ್ಕೂ ಕೆಮ್ಮು. ಇದ್ದದ್ದನ್ನೆಲ್ಲ ಅಲ್ಲಿಗೇ ಸುರಿಯಬಾರದು.

ದೊಡ್ಡವರಿಗೆಂದೇ ಬೇರೆ ಫಂಡುಗಳಿವೆ. ಎಐಎಫ್ ಎನ್ನುವ ಪರ್ಯಾಯ ಹೂಡಿಕೆ ನಿಧಿಗೆ 2012ರ ನಿಯಮದಂತೆ ಕನಿಷ್ಠ ಒಂದು ಕೋಟಿ ಬೇಕು. ನಮ್ಮ ಮಾತಲ್ಲ ಬಿಡಿ. 2024ರಲ್ಲಿ ಸಣ್ಣ ರೀಟ್ ಎಂಬುದು ಬಂತು. ಅದಕ್ಕೆ ಕನಿಷ್ಠ ಹತ್ತು ಲಕ್ಷ. ಅದರಲ್ಲೂ ಮೊದಲನೆಯದು ಬೆಂಗಳೂರಿನ ಒಂದು ಆಫೀಸ್ ಕಟ್ಟಡದ್ದೇ. ಒಂದೇ ಕಟ್ಟಡ ನೆಚ್ಚಿಕೊಂಡು ಹತ್ತು ಲಕ್ಷ ಹಾಕುವುದು ಸಂಬಳದ ಹುಡುಗನ ಕೆಲಸ ಅಲ್ಲ ಎಂದೇ ನನ್ನ ಅಭಿಪ್ರಾಯ.

ಇವಕ್ಕೆಲ್ಲ ಕಾವಲುಗಾರನಾದರೂ ಇದ್ದಾನೆ. ಕಾವಲಿಲ್ಲದ ಭೂಮಿ ಸ್ಕೀಮುಗಳ ಕಥೆ ಗೊತ್ತೇ? ಪಿಎಸಿಎಲ್ ಎಂಬ ಕಂಪನಿ ಜಮೀನು ಕೊಡುತ್ತೇವೆ, ಇಲ್ಲದಿದ್ದರೆ ಹಣ ಬೆಳೆಸಿ ಕೊಡುತ್ತೇವೆ ಎಂದು ದೇಶದ ಐದು ಕೋಟಿಗೂ ಹೆಚ್ಚು ಜನರಿಂದ ಕಂತು ಕಟ್ಟಿಸಿಕೊಂಡಿತು. ಹೆಚ್ಚಿನವರು ಹಳ್ಳಿಯವರು, ಕೂಲಿಯವರು. 2014ರ ಆಗಸ್ಟ್‌ನಲ್ಲಿ ಸೆಬಿ 49,100 ಕೋಟಿ ರೂಪಾಯಿ ವಾಪಸ್ ಕೊಡಿ ಎಂದು ಆದೇಶ ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನ್ಯಾಯಮೂರ್ತಿ ಲೋಧಾ ಸಮಿತಿ ಆ ಜಮೀನು ಹುಡುಕಿ ಮಾರಲು ಕೂತಿತು. 'ಖಚಿತ ಆದಾಯ', 'ಬೈ ಬ್ಯಾಕ್ ಗ್ಯಾರಂಟಿ' ಎಂಬ ಪದ ಬ್ರೋಷರ್‌ನಲ್ಲಿ ಕಂಡರೆ ಕೇಳಬೇಕಾದ ಪ್ರಶ್ನೆ ಒಂದೇ: ಸೆಬಿ ನೋಂದಣಿ ನಂಬರ್ ಎಲ್ಲಿ? ಇಲ್ಲದೆ ಠೇವಣಿ ಎತ್ತುವುದು 2019ರ ಕಾಯ್ದೆ ಪ್ರಕಾರ ಅಪರಾಧ.

ಇಲ್ಲೊಂದು ವಿಚಿತ್ರ ನೋಡಿ. ಪಹಣಿ, ಮ್ಯುಟೇಷನ್, ಗ್ರಾಮ ನಕಾಶೆ, ಹಳೆಯ ಕ್ರಯಪತ್ರ ಎಲ್ಲವೂ ಕನ್ನಡದಲ್ಲಿದೆ. ಅದನ್ನು ಓದಲು ಬರುವ ನಾವೇ ಓದುತ್ತಿಲ್ಲ. ಅದೇ ನೆಲ ಕಟ್ಟಡವಾಗಿ, ಕಟ್ಟಡ ಯೂನಿಟ್ ಆಗಿ ಪೇಟೆಗೆ ಬರುವಷ್ಟರಲ್ಲಿ ಕಾಗದ ಪೂರ್ತಿ ಇಂಗ್ಲಿಷ್ ಆಗಿರುತ್ತದೆ. ನೂರಾರು ಪುಟದ ಆ ದಪ್ಪ ಪುಸ್ತಕದ ಅಪಾಯಗಳ ಅಧ್ಯಾಯವನ್ನು ನಮ್ಮ ಹುಡುಗರು ತಿರುವಿಯೂ ನೋಡುವುದಿಲ್ಲ. ನಾಗವಾರದ ನೆಲದ ಬಾಡಿಗೆ ಹಂಚುವ ಸಂಸ್ಥೆ ಹತ್ತು ಪುಟದ ಸಾರಾಂಶವನ್ನು ಕನ್ನಡದಲ್ಲಿ ಅಚ್ಚು ಮಾಡಿದರೆ ಮುಳುಗಿಹೋಗುವುದೇ? ಖರ್ಚು ಎಷ್ಟು ಬರುತ್ತದೆ ಎಂದು ಬೇಕಾದರೆ ನಾನು ಕೊಟೇಷನ್ ಕೊಡುತ್ತೇನೆ! ಸೆಬಿಗೆ ಪತ್ರ ಬರೆಯಿರಿ, ಆ ಸಂಸ್ಥೆಗಳಿಗೂ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಅಷ್ಟರೊಳಗೆ ನಮ್ಮ ಕೈಯಲ್ಲಿರುವ ಕೆಲಸ. ಈ ಸಲ ನಿಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ ಮಾಡುವಾಗ ಆರ್ಕೆಸ್ಟ್ರಾ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಎರಡು ಗಂಟೆ ಒಬ್ಬ ನಿವೃತ್ತ ಗ್ರಾಮಲೆಕ್ಕಿಗರನ್ನು ಕರೆಸಿ ಕೂರಿಸಿ (ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ದೊಡ್ಡ ಹೆಸರು). ಜೊತೆಗೆ ಒಬ್ಬ ಸರ್ವೆಯರ್. ಪ್ರತಿಯೊಬ್ಬರೂ ಸ್ವಂತ ಊರಿನ ಒಂದು ಸರ್ವೆ ನಂಬರಿನ ಪಹಣಿ ತೆಗೆಸಿಕೊಂಡು ಬನ್ನಿ. ನಾಡಕಚೇರಿಯಲ್ಲಿ ಸಿಗುತ್ತದೆ, ಭೂಮಿ ತಂತ್ರಾಂಶದಿಂದ ಮೊಬೈಲ್‌ನಲ್ಲೂ ಸಿಗುತ್ತದೆ. ಕಾಲಂ ಕಾಲಂ ಓದಿಸಿ. ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪಹಣಿಯಲ್ಲಿ ಅವರ ಹೆಸರು ಯಾಕಿಲ್ಲ ಎಂದು ಅವರೇ ಕೇಳಲಿ. ಕರಪತ್ರ ಬೇಕಾದರೆ ಪೇಪರ್ ದುಡ್ಡು ಕೊಡಿ, ಅಚ್ಚಿನ ಕೂಲಿ ನನ್ನದು.